ಏಣಿ ಹತ್ತಿದ ಅಕ್ಕೋರು

ಹಾನಗಲ್ಲಿನ ನಮ್ಮ ಔಷಧಿ ಅಂಗಡಿಯಲ್ಲಿ ಬೆಳಗಿನ ಗಿರಾಕಿಗಳ ಗದ್ದಲ ಮುಗಿದು ನಾನು ಚಹಾದ ಕಪ್ಪು ಕೈಗೆತ್ತಿಕೊಂಡಿದ್ದೆ. ಸವಣೂರಿನಿಂದ ಅವ್ವನ ಫೋನು ಬಂತು. ಅವ್ವ ಯಾವಾಗಲೂ ಮೊದಲು ಮಳೆಯ ಸುದ್ದಿ, ಆಮೇಲೆ ಊಟದ ಸುದ್ದಿ ಹೇಳಿ, ಫೋನು ಇಡುವ ಹೊತ್ತಿಗೆ ಅಸಲು ಸುದ್ದಿಗೆ ಬರುವವಳು. ಅವತ್ತು ಮಾತ್ರ ನೇರವಾಗಿ ಶುರು ಮಾಡಿದಳು.

"ನಿಮ್ಮ ಚಿಗವ್ವ ಏಣಿ ಹತ್ತ್ಯಾಳ."

ಅಟ್ಟದಿಂದ ಏನೋ ತೆಗೆಯಲು ಹತ್ತಿರಬೇಕು ಎಂದುಕೊಂಡೆ. ಮನೆಯಲ್ಲಲ್ಲ, ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯ ಮುಂದೆ ಎಂದಳು ಅವ್ವ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿಯಂತೆ, ಇನ್ನೊಂದರಲ್ಲಿ ಬ್ರಷ್ಷಂತೆ. ‘ಶುದ್ದ ಸಸ್ಯಹಾರಿ’ ಎಂದಿದ್ದ ಬೋರ್ಡಿನಲ್ಲಿ ದ ಒತ್ತನ್ನು ಹೊಡೆದು ಹಾಕಿ ಧ ಒತ್ತು ಕೊಟ್ಟು, ‘ಸಸ್ಯ’ಕ್ಕೆ ಒಂದು ದೀರ್ಘ ಎಳೆದು, ಅಂಚಿನಲ್ಲಿ ಹತ್ತಕ್ಕೆ ಆರು ಅಂಕ ಹಾಕಿ ಇಳಿದಳಂತೆ. ಖಾನಾವಳಿಯ ಮಾಲೀಕರು ಕೈಮುಗಿದು ನಿಂತು ನೋಡುತ್ತಿದ್ದರಂತೆ. ಅವರಿಗೂ ಮಗ್ಗಿ ಕಲಿಸಿದವಳು ಚಿಗವ್ವನೇ.

ಚಿಗವ್ವ ಎಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಮದುವೆಯಾಗಲಿಲ್ಲ, ನಮ್ಮ ಅಪ್ಪ ತೀರಿಕೊಂಡ ಮೇಲೆ ಅವ್ವನ ಜೊತೆಗೇ ಸವಣೂರಿನ ಮನೆಯಲ್ಲಿ ಇದ್ದುಬಿಟ್ಟಳು. ದಿನಾ ಬಸ್ಸಿನಲ್ಲಿ ಹತ್ತಿಮತ್ತೂರಿಗೆ ಹೋಗಿ ಅಲ್ಲಿನ ಕನ್ನಡ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದಳು. ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅಕ್ಷರದ ವಿಷಯದಲ್ಲಿ ಈ ಅಕ್ಕೋರು ಯಾರನ್ನೂ ಬಿಟ್ಟವಳಲ್ಲ. ನನ್ನ ಲಗ್ನಪತ್ರಿಕೆ ಮೂರು ಸಲ ಪ್ರೆಸ್ಸಿಗೆ ವಾಪಸು ಹೋಗಿತ್ತು. ಮೂರನೆಯ ಸಲ ತಪ್ಪು ಸಿಕ್ಕಿದ್ದು ಗಂಡಿನ ಅಜ್ಜನ ಹೆಸರಿನಲ್ಲಿ. ನಮ್ಮ ಮನೆಯಲ್ಲಿ ಅದನ್ನು ಬರೆಯುವುದೇ ಹಾಗೆ ಎಂದು ಬೀಗರು ಎಷ್ಟು ಹೇಳಿದರೂ ಚಿಗವ್ವ ಕೇಳಲಿಲ್ಲ. ತೀರಿಹೋಗಿ ಹತ್ತು ವರ್ಷವಾಗಿದ್ದ ಅಜ್ಜ ಮೊಮ್ಮಗನ ಮದುವೆಯಲ್ಲಿ ಹೊಸ ಹೆಸರು ಪಡೆದರು.

ಹೀಗಾಗಿ ಏಣಿಯ ಸುದ್ದಿ ಕೇಳಿ ನಾನು ನಕ್ಕುಬಿಟ್ಟೆ. ಸವಣೂರೂ ನಕ್ಕಿತು. ಆ ವಾರ ಚಿಗವ್ವ ವಿದ್ಯುತ್ ಸಾಮಾನಿನ ಅಂಗಡಿಯ ‘ವಿಧ್ಯುತ್’ ತಿದ್ದಿದಳು. ಹುಟ್ಟುಹಬ್ಬದ ಫ್ಲೆಕ್ಸೊಂದರಲ್ಲಿ ‘ಹಾರ್ಧಿಕ ಶುಭಾಷಯ’ವನ್ನು ಸರಿಪಡಿಸುವ ಭರದಲ್ಲಿ ಹುಟ್ಟುಹಬ್ಬದ ಯಜಮಾನರ ಮೀಸೆಗೂ ಸ್ವಲ್ಪ ಕೆಂಪು ಬಣ್ಣ ತಾಗಿಸಿದಳು. ಜನ ಫೋಟೊ ತೆಗೆದು ಹಂಚಿದರು. ನಮ್ಮ ಅಂಗಡಿಯ ಗಿರಾಕಿಗಳೂ ನನಗೇ ತೋರಿಸಿ ನಕ್ಕರು.

ರವಿವಾರ ಸವಣೂರಿಗೆ ಹೋದಾಗ ನನ್ನ ನಗು ನಿಂತಿತು. ಚಿಗವ್ವ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕಣ್ಣುಗಳು ಮಾತ್ರ ಥಳಥಳ ಹೊಳೆಯುತ್ತಿದ್ದವು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು ಅದರ ಮೈಮೇಲೆ ಬೀಳುತ್ತಿತ್ತು. ಎರಡು ವಾರದಿಂದ ದಿನಕ್ಕೆ ಎರಡು ತಾಸು ಮಲಗಿದರೆ ಹೆಚ್ಚು, ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟು ಏಳುತ್ತಾಳೆ, ಒಳ್ಳೊಳ್ಳೆಯ ಇಳಕಲ್ ಸೀರೆಗಳನ್ನು ಓಣಿಯಲ್ಲಿ ಕಂಡಕಂಡವರಿಗೆ ಕೊಟ್ಟಿದ್ದಾಳೆ ಎಂದು ಅವ್ವ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ಚಿಗವ್ವ ನಮ್ಮ ನಾಲ್ಕೂ ತಾಲೂಕುಗಳ ಬೋರ್ಡುಗಳನ್ನು ಮಳೆಗಾಲದೊಳಗೆ ತಿದ್ದಿ ಮುಗಿಸುವ ಯೋಜನೆಯನ್ನು ನನಗೆ ವಿವರಿಸಿದಳು. ಸವಣೂರು ಆಯಿತು, ಮುಂದೆ ಶಿಗ್ಗಾವಿ, ಆಮೇಲೆ ಹಾನಗಲ್ಲು, ಹಿರೇಕೆರೂರು ಕಡೆಗೆ.

ನಾನು ಔಷಧಿ ಅಂಗಡಿಯವಳು. ಊರಿಗೆಲ್ಲ ನಿದ್ದೆಯ ಬಗ್ಗೆ, ಊಟದ ಬಗ್ಗೆ ಬುದ್ಧಿ ಹೇಳುವವಳು. ಮೆಲ್ಲಗೆ, ಒಬ್ಬ ಡಾಕ್ಟರನ್ನು ನೋಡಿ ಬರೋಣವೇ ಎಂದು ಕೇಳಿದೆ.

"ನನಗೇನಾಗೇತಿ?" ಎಂದಳು ಚಿಗವ್ವ. "ಊರಿಗೆ ಆಗೇತಿ. ಊರಿಗೆ ತೋರಿಸು."

ಮುಂದಿನ ಹತ್ತು ದಿನ ನಾವು ಮಾಡದ ಉಪಾಯವಿಲ್ಲ. ಗುಳಿಗೆಯನ್ನು ಅಂಬಲಿಯಲ್ಲಿ ಕರಗಿಸಿ ಕೊಡು ಎಂದಳು ಅವ್ವ. ಯಾವ ಗುಳಿಗೆ ಎಂದು ಡಾಕ್ಟರು ಹೇಳಬೇಕು, ನಾನಲ್ಲ; ಅದೂ ಅಲ್ಲದೆ ಒಂದು ಸಲ ಸಿಕ್ಕಿಬಿದ್ದರೆ ಆಮೇಲೆ ನಮ್ಮ ಕೈಯಿಂದ ನೀರನ್ನೂ ಕುಡಿಯುವುದಿಲ್ಲ ಎಂದೆ. ನೆರೆಮನೆಯವರು ದರ್ಗಾಕ್ಕೆ ಕರೆದುಕೊಂಡು ಹೋದರು, ಅವ್ವ ಮಠಕ್ಕೆ ಕರೆದುಕೊಂಡು ಹೋದಳು. ಎರಡೂ ಕಡೆ ಚಿಗವ್ವ ಖುಷಿಯಿಂದ ಹೋದಳು, ಭಕ್ತಿಯಿಂದ ಕೈಮುಗಿದಳು, ದೇಣಿಗೆದಾರರ ಪಟ್ಟಿಯಲ್ಲಿದ್ದ ತಪ್ಪುಗಳನ್ನು ಹೇಳಿಬಂದಳು.

ಕೊನೆಗೆ ಹಿರೇಕೆರೂರಿನಿಂದ ಅವ್ವನ ಅಣ್ಣ, ನಮ್ಮ ಸೋದರಮಾವ ಬಂದರು. ಮನೆಯ ಹಿರಿಯರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅವರಿಗೆ ತಮ್ಮ ಮೇಲೆ ಬಹಳ. ಪಡಸಾಲೆಯ ನಡುವೆ ಕುಂತು, ಇವಳನ್ನು ನಾಳೆಯೇ ಧಾರವಾಡಕ್ಕೆ ಕಳಿಸಬೇಕು ಎಂದು ತೀರ್ಪು ಕೊಟ್ಟರು. ನಮ್ಮ ಕಡೆ ಆ ಮಾತಿಗೆ ಇರುವ ಅರ್ಥ ಒಂದೇ, ಹುಚ್ಚರ ಆಸ್ಪತ್ರೆ. ಚಿಗವ್ವ ಒಳಗೆ ಹೋಗಿ ಪಾಟಿ, ಬಳಪ ತಂದು ಮಾವನ ತೊಡೆಯ ಮೇಲಿಟ್ಟು, ಯಾವ ಊರು, ಬರೆದು ತೋರಿಸು ಎಂದಳು. ಮಾವ ಸಿಟ್ಟಿನಲ್ಲಿ ‘ದಾರವಾಡ’ ಎಂದು ಗೀಚಿದರು.

"ಊರ ಹೆಸರ ಬರಿಯಾಕ ಬರಂಗಿಲ್ಲ," ಎಂದಳು ಚಿಗವ್ವ, "ನನ್ನ ಅಲ್ಲಿಗೆ ಕಳಸ್ತಾನಂತ."

ಮಾವ ಮಧ್ಯಾಹ್ನದ ಬಸ್ಸಿಗೇ ಹಿರೇಕೆರೂರಿಗೆ ಮರಳಿದರು.

ಇನ್ನು ನನ್ನ ಸರದಿ. ಹಾನಗಲ್ಲಿನಲ್ಲಿ ನಮ್ಮ ಅಂಗಡಿಯ ಸಾಲಿನಲ್ಲೇ ಒಂದು ಸಣ್ಣ ದವಾಖಾನೆ ಇದೆ. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆ, ಹೆಣ್ಣುಮಗಳು. ದವಾಖಾನೆಯ ಬೋರ್ಡುಗಳಲ್ಲಿ ತಪ್ಪುಗಳು ತುಂಬಿವೆ, ಬಂದು ನೋಡು ಎಂದು ನಾನು ಚಿಗವ್ವನಿಗೆ ಸುಳ್ಳು ಹೇಳಿ ಕರೆತಂದೆ. ಪೂರಾ ಸುಳ್ಳೂ ಅಲ್ಲ. ಬಾಗಿಲಲ್ಲೇ ‘ಚಪ್ಪಲಿ ಹೊರಗೆ ಬೀಡಿ’ ಎಂದು ಬರೆದಿತ್ತು. ಚಿಗವ್ವ ಅದನ್ನು ಓದಿ, ಕಾಂಪೌಂಡರರನ್ನು ಕರೆದು, ಚಪ್ಪಲಿ ಬಿಡಬೇಕೋ ಬೀಡಿ ಸೇದಬೇಕೋ ಎಂದು ಕೇಳಿದಳು. ನಗುತ್ತ ನಗುತ್ತ ಒಳಗೆ ಕರೆದುಕೊಂಡು ಹೋದೆ. ಕೊನೆಯ ಕೋಣೆಯ ಬಾಗಿಲಿಗೆ ‘ಮಾನಸಿಕ ಆರೋಗ್ಯ ತಜ್ಞರು’ ಎಂಬ ಬೋರ್ಡಿತ್ತು. ಚಿಗವ್ವ ಅದರ ಮುಂದೆ ನಿಂತಳು. ಎರಡು ಸಲ ಓದಿದಳು.

"ಇದರಾಗ ತಪ್ಪಿಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ನಿನ್ನ ಕಡೆ ಐತಿ."

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಸೀದಾ ಬಸ್‌ಸ್ಟ್ಯಾಂಡಿಗೆ ಹೋದಳು. ನಾನು ಹಿಂದೆ ಓಡಿದೆ. ಸವಣೂರಿನ ತನಕ ಪಕ್ಕದಲ್ಲೇ ಕುಂತಿದ್ದರೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿದ್ದ ಉಳಿದ ಎಲ್ಲರ ಜೊತೆ ಆಡಿದಳು. ಅಕ್ಷರ ತಿದ್ದಿಸಿದ ದಿನದಿಂದ ಆಕೆ ನನ್ನ ಮೇಲೆ ಸಿಟ್ಟಾದದ್ದು ಸಾವಿರ ಸಲ ಇರಬಹುದು, ಆದರೆ ನಂಬಿಕೆ ಬಿಟ್ಟದ್ದು ಅದೇ ಮೊದಲು. ಆ ಬಸ್ಸಿನ ದಾರಿಯಷ್ಟು ಉದ್ದದ ದಾರಿಯನ್ನು ನಾನು ಮತ್ತೆ ಕಂಡಿಲ್ಲ.

ಮುಂದಿನ ವಾರ ಆ ಡಾಕ್ಟರ ಮುಂದೆ ನಾನೊಬ್ಬಳೇ ಹೋಗಿ ಕುಂತೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಮಾವನ ಪಾಟಿಯ ಕತೆಗೆ ನಕ್ಕರು, ಸುಳ್ಳಿನ ಕತೆಗೆ ನಗಲಿಲ್ಲ. ಕಾಯಿಲೆ ಇದೆ, ಇಲ್ಲ ಎಂಬ ವಾದಕ್ಕೆ ಹೋಗಬೇಡಿ, ಆ ವಾದದಲ್ಲಿ ನೀವು ಗೆಲ್ಲುವುದಿಲ್ಲ ಎಂದರು. ಹೇಳುವುದನ್ನು ನಿಲ್ಲಿಸಿ ಸ್ವಲ್ಪ ದಿನ ಕೇಳಿಸಿಕೊಳ್ಳಿ. ನಿಮಗೆ ಕಾಣುವ ತೊಂದರೆಯಲ್ಲ, ತಮಗೆ ಏನು ತೊಂದರೆ ಆಗಿದೆ ಎಂದು ಅವರಿಗೇ ಅನ್ನಿಸುತ್ತಿದೆಯೋ ಅದನ್ನು ಹುಡುಕಿ. ಇದರ ನಡುವೆ ಅವರ ಜೀವಕ್ಕೇ ಅಪಾಯ ಅನ್ನಿಸಿದರೆ ಮಾತ್ರ ಉಪಾಯಗಳನ್ನು ಬಿಟ್ಟು ತಕ್ಷಣ ಫೋನು ಮಾಡಿ, ಒಪ್ಪಿಗೆ ಇಲ್ಲದೆಯೂ ಸೇರಿಸುವುದಕ್ಕೆ ಕಾನೂನಿನ ದಾರಿ ಇದೆ ಎಂದರು. ನಾನು ಅವರ ನಂಬರನ್ನು ಅಲ್ಲೇ ಫೋನಿನಲ್ಲಿ ಬರೆದಿಟ್ಟುಕೊಂಡೆ.

ಇಲ್ಲಿ ಪೇಂಟರರ ವಿಷಯ ಹೇಳಬೇಕು. ಚಿಗವ್ವ ತಿದ್ದುತ್ತಿದ್ದ ಬೋರ್ಡುಗಳಲ್ಲಿ ಅರ್ಧ ಬರೆದವರು ಒಬ್ಬರೇ, ಹತ್ತಿಮತ್ತೂರಿನ ಒಬ್ಬ ಸಾಬರು. ಗಡ್ಡ ಅರ್ಧ ಬೆಳ್ಳಗಾಗಿದೆ. ಎರಡನೇ ಇಯತ್ತೆಯಲ್ಲಿ ಚಿಗವ್ವನ ಕೈಯಲ್ಲಿ ಕಲಿತವರು. ಅಕ್ಕೋರು ಏಣಿ ಹತ್ತಿದ ಮೊದಲ ದಿನವೇ ಅವರು ಓಡಿಬಂದು ಏಣಿಯ ಬುಡ ಹಿಡಿದು ನಿಂತಿದ್ದರು. ಅಂದಿನಿಂದ ತಮ್ಮ ಕೆಲಸ ಬಿಟ್ಟು ಆಕೆಯ ಹಿಂದೆಯೇ ತಿರುಗುತ್ತಿದ್ದರು. ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ:

"ತಪ್ಪ ಬರದಾಂವ ನಾನ ತಂಗೀ. ಬಿದ್ದಗಿದ್ದರಂದ್ರ ಅಕ್ಕೋರು ಬೀಳೂದು ನನ್ನ ತಪ್ಪಿನ ಮ್ಯಾಲಿಂದ."

ಆ ಪೇಂಟರರೇ ಒಂದು ದಿನ ಮುಂಜಾನೆ ಹತ್ತರ ಸುಮಾರಿಗೆ ಶಿಗ್ಗಾವಿಯಿಂದ ಫೋನು ಮಾಡಿದರು. ಹಿಂದೆ ಲಾರಿಗಳ ಸದ್ದು. ಲಗೂನ ಬಾ ತಂಗೀ, ಅಕ್ಕೋರು ಹೈವೇದಾಗ ಇಳದಾರ ಎಂದರು. ನನ್ನ ಗಂಡ ಅಂಗಡಿಯ ಶಟರ್ ಎಳೆದು ಬೈಕ್ ತೆಗೆದರು. ಬಂಕಾಪುರ ದಾಟಿ ಶಿಗ್ಗಾವಿ ಮುಟ್ಟುವವರೆಗೆ ನಾನು ಡಾಕ್ಟರ ನಂಬರು ತೆರೆದಿಟ್ಟುಕೊಂಡೇ ಕುಂತಿದ್ದೆ.

ಆದದ್ದು ಹೀಗೆ. ಆ ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ಒಂದು ಕಡೆ ಶಿಗ್ಗಾಂವ, ಒಂದು ಕಡೆ ಶಿಗ್ಗಾವಿ, ಇನ್ನೊಂದು ಕಡೆ ಎರಡನ್ನೂ ಕೂಡಿಸಿ ಶಿಗ್ಗಾಂವಿ. ಮೂರನ್ನೂ ಒಂದೇ ದಿನ ಕಂಡ ಚಿಗವ್ವನಿಗೆ ತಡೆದುಕೊಳ್ಳಲಾಗಲಿಲ್ಲ. ಹೈವೇ ಮೇಲಿನ ದೊಡ್ಡ ಬೋರ್ಡು ತಿದ್ದುವುದಕ್ಕೆ ಬಣ್ಣದ ಡಬ್ಬಿ ಹಿಡಿದು ದಾರಿಯ ನಡುವಿನ ಕಟ್ಟೆಯ ಮೇಲೆ ನಿಂತು, ಎರಡೂ ಕಡೆಯ ಗಾಡಿಗಳಿಗೆ ನಿಲ್ಲಿರಿ ಎಂದು ಕೈ ಮಾಡತೊಡಗಿದಳು. ಗಾಡಿಗಳು ನಿಲ್ಲಲಿಲ್ಲ. ಕೈ ಹಿಡಿದು ಎಳೆದರೆ ಆಕೆ ಕೊಸರಿಕೊಂಡು ಲಾರಿಯ ಅಡಿಗೇ ಹೋಗುತ್ತಾಳೆ ಎಂದು ಪೇಂಟರರಿಗೆ ಅನ್ನಿಸಿತು. ಅವರು ದಾರಿ ದಾಟಿ ಆಕೆಯ ಪಕ್ಕಕ್ಕೆ ಹೋಗಿ, ಒಂದು ಸಂಶಯ ಐತ್ರಿ ಅಕ್ಕೋರ ಎಂದರು. ಮೂರರಾಗ ಯಾವುದು ಖರೇ, ನನಗ ಮೊದಲ ಅಕ್ಷರದಿಂದ ತಿಳಿಸಿ ಹೇಳ್ರಿ, ಇಲ್ಲಿ ಸದ್ದಿನ್ಯಾಗ ಕೇಳಂಗಿಲ್ಲ, ಆ ಚಹಾದಂಗಡ್ಯಾಗ ಕುಂತ ಹೇಳ್ರಿ. ವಿದ್ಯಾರ್ಥಿ ಸಂಶಯ ಕೇಳಿದ ಮೇಲೆ ಅಕ್ಕೋರು ಏನು ಮಾಡಬೇಕು? ಆಕೆ ತಾನೇ ಅವರ ಕೈ ಹಿಡಿದು, ಎಡಬಲ ನೋಡಿ, ಎರಡನೇ ಇಯತ್ತೆಯ ಹುಡುಗನನ್ನು ದಾಟಿಸುವ ಹಾಗೆ ದಾರಿ ದಾಟಿಸಿದಳು.

ನಾನು ಹೋದಾಗ ಅವರಿಬ್ಬರೂ ಚಹಾದಂಗಡಿಯ ಉದ್ದನೆಯ ಮರದ ಬಾಕಿನ ಮೇಲೆ ಕುಂತಿದ್ದರು. ಮೇಜಿನ ಮೇಲೆಲ್ಲ ನೀರಿನಲ್ಲಿ ಬೆರಳಾಡಿಸಿ ಬರೆದ ಅನುಸ್ವಾರಗಳು. ನಾನು ಬೈಯಲಿಲ್ಲ. ಅಳು ಬಂದಿತ್ತು, ಅಳಲೂ ಇಲ್ಲ. ಬಾಕಿನ ಮೇಲಿದ್ದ ಅಂದಿನ ಪತ್ರಿಕೆಯನ್ನು ಚಿಗವ್ವನ ಕಡೆ ಸರಿಸಿ, ಮಳೆ ಯಾವಾಗ ಅಂತ ಬರೆದಾರ ನೋಡು ಎಂದೆ.

ಚಿಗವ್ವ ಪತ್ರಿಕೆ ಎತ್ತಿಕೊಂಡಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಹಾಳೆ ತಿರುವಿದಳು, ಮತ್ತೆ ಮೊದಲ ಹಾಳೆಗೆ ಬಂದಳು. ಮನೆಯಲ್ಲಿ ದಿನಾ ಪತ್ರಿಕೆಯನ್ನು ಮೊದಲ ಸಾಲಿನಿಂದ ಶೋಕಸಂದೇಶದ ತನಕ ಓದುತ್ತಿದ್ದವಳು. ಈಗ ಹಾಳೆಯನ್ನು ಮಡಚಿ, ಮತ್ತೆ ಮಡಚಿ, ಬೀಡಾದಷ್ಟು ಸಣ್ಣದು ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಡಾಕ್ಟರು ಹುಡುಕಿ ಎಂದದ್ದು ಇದೇ ಇರಬೇಕು ಎಂದು ನನಗೆ ಹೊಳೆದದ್ದು ಆಗ.

"ಓದಿ ಎಷ್ಟ ದಿನಾತು, ಚಿಗವ್ವಾ?"

ಚಿಗವ್ವ ಮೇಜಿನ ಮೇಲೆ ಉಳಿದಿದ್ದ ಅನುಸ್ವಾರಗಳನ್ನು ಅಂಗೈಯಿಂದ ಒಂದೊಂದಾಗಿ ಒರೆಸಿದಳು.

"ಅಕ್ಷರ ಒಂದ ಕಡೆ ನಿಲ್ಲವಲ್ವು," ಎಂದಳು. "ಒಂದ ಸಾಲು ಹಿಡದ್ರ ಮುಂದಿನ ಹತ್ತು ಸಾಲು ಮೈಮ್ಯಾಲ ಬರ್ತಾವ. ಬೋರ್ಡಿನ್ಯಾಗಾದ್ರ ಎರಡ ಶಬ್ದ ಇರ್ತಾವ ನೋಡು. ಅಷ್ಟ ಹಿಡಿಯಾಕ ಬರ್ತೇತಿ."

ಪೇಂಟರರು ಎದ್ದು, ಚಹಾದ ನೆಪದಲ್ಲಿ ಆಚೆ ಹೋದರು. ನಾನು ಚಿಗವ್ವನ ಕೈ ಹಿಡಿದೆ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಬಣ್ಣ.

"ಅವತ್ತು ಸುಳ್ಳು ಹೇಳಿ ಕರಕೊಂಡು ಹೋದೆ, ತಪ್ಪಾತು," ಎಂದೆ. "ಈಗ ಖರೇ ಹೇಳ್ತೇನಿ. ಅವರು ಮನಸ್ಸಿನ ಡಾಕ್ಟರು. ಅವರ ಕಡೆ ಹೋಗೂನು. ಓದಾಕ ಬರವಲ್ದು ಅಂತ ನೀನ ಹೇಳು."

"ನನಗ ಹುಚ್ಚು ಅಂತ ನೀ ಹೇಳ್ತಿ."

"ನಾ ಏನೂ ಹೇಳಂಗಿಲ್ಲ. ಬಾಜೂ ಕುಂತಿರ್ತೇನಿ."

ಅಕ್ಕೋರು ಷರತ್ತುಗಳನ್ನು ಹಾಕಿದಳು. ತಾನು ಹೋಗುವುದು ಓದಿನ ತೊಂದರೆಗೆ, ಬೇರೆ ಯಾವುದಕ್ಕೂ ಅಲ್ಲ. ಹಿರೇಕೆರೂರಿಗೆ ಈ ಸುದ್ದಿ ಹೋಗಬಾರದು. ಡಾಕ್ಟರು ಬರೆಯುವ ಚೀಟಿ ತನಗೆ ಓದಲು ಬರುವಂತಿರಬೇಕು. ಮೂರನೆಯದು ದೇವರಿಂದಲೂ ಆಗದ ಮಾತು ಎಂದು ಔಷಧಿ ಅಂಗಡಿಯವಳಾದ ನನಗೆ ಗೊತ್ತಿತ್ತು, ಆದರೂ ಒಪ್ಪಿಕೊಂಡೆ. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ವಾರದ ದಿನದ ತನಕ ಕಾಯಬೇಡಿ, ಇವತ್ತೇ ಹುಬ್ಬಳ್ಳಿಗೆ ಬಂದುಬಿಡಿ ಎಂದರು ಅವರು. ನನ್ನ ಗಂಡ ಬೈಕಿನಲ್ಲಿ ಅಂಗಡಿಗೆ ಮರಳಿದರು. ಶಿಗ್ಗಾವಿಯಿಂದ ಹುಬ್ಬಳ್ಳಿಗೆ ಬಸ್ಸಿಗೇನೂ ಕಡಿಮೆಯಿಲ್ಲ. ಚಿಗವ್ವ ಕಿಟಕಿ ಬದಿಯಲ್ಲಿ, ನಡುವೆ ನಾನು, ಈ ಕಡೆ ಬಣ್ಣದ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಪೇಂಟರರು.

ಹುಬ್ಬಳ್ಳಿಯಲ್ಲಿ ಡಾಕ್ಟರ ಕೋಣೆಯ ಒಳಗೆ ಹೋದ ಮೇಲೆ ಮೊದಲು ಪ್ರಶ್ನೆ ಕೇಳಿದವಳು ಚಿಗವ್ವನೇ. ಎಲ್ಲಿ ಕಲಿತಿರಿ, ಕನ್ನಡ ಶಾಲೆಯೋ ಇಂಗ್ಲಿಷ್ ಶಾಲೆಯೋ ಎಂದು ವಿಚಾರಿಸಿದಳು. ಡಾಕ್ಟರು ಎಲ್ಲಕ್ಕೂ ಉತ್ತರ ಕೊಟ್ಟರು. ಆಮೇಲೆ ಚಿಗವ್ವ ತಾನೇ ಅಕ್ಷರಗಳ ಕತೆ ಹೇಳಿದಳು. ನಿದ್ದೆಯದು, ಊಟದ್ದು ಒಂದರ ಹಿಂದೆ ಒಂದು ಬಂತು. ಮನಸ್ಸಿನ ಓಟ ಮಿತಿಮೀರಿದೆ, ಅದು ಕಾಯಿಲೆ, ಅದಕ್ಕೆ ಔಷಧಿ ಇದೆ, ಮೊದಲು ನಿದ್ದೆ ಬರುತ್ತದೆ, ಓದು ಅದರ ಹಿಂದೆ ಬರುತ್ತದೆ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ರಕ್ತ ಪರೀಕ್ಷೆಗೆ ಕಳಿಸಿದರು. ಗುಳಿಗೆಗಳ ಹೆಸರನ್ನೂ ಹೊತ್ತನ್ನೂ ದುಂಡಗಿನ ಕನ್ನಡದಲ್ಲಿ ಬರೆದು ಕೊಟ್ಟರು. ನಮ್ಮ ಅಂಗಡಿಯ ಇಷ್ಟು ವರ್ಷಗಳಲ್ಲಿ ನಾನು ಅಂಥ ಚೀಟಿ ಕಂಡಿರಲಿಲ್ಲ. ಅದರಲ್ಲಿ ‘ಮಧ್ಯಾಹ್ನ’ ಎಂಬಲ್ಲಿ ಒತ್ತು ಅದಲುಬದಲಾಗಿತ್ತು. ಚಿಗವ್ವ ಅದನ್ನು ನೋಡಿದಳು, ನಾನು ಮೇಜಿನ ಮೇಲಿದ್ದ ಪೆನ್ನನ್ನು ಮೆಲ್ಲಗೆ ಅತ್ತ ಸರಿಸಿದೆ. ಆಕೆ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ನಿದ್ದೆ ಬಂದ ಮೇಲೆ ಹೇಳಿದರಾಯಿತು ಎಂದು ಆಮೇಲೆ ಬಸ್ಸಿನಲ್ಲಿ ಅಂದಳು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದರೆ ಮತ್ತೊಂದು ಸುಳ್ಳು ಹೇಳಿದಂತೆ. ಒಂದು ತಿಂಗಳು ಚಿಗವ್ವ ಹಾನಗಲ್ಲಿನ ನಮ್ಮ ಮನೆಯಲ್ಲಿ ಇದ್ದಳು. ನಾಲ್ಕನೇ ದಿನವೇ, ಬಾಯಿಯೆಲ್ಲ ಕಬ್ಬಿಣ ನೆಕ್ಕಿದಂತೆ ಆಗಿದೆ, ಗುಳಿಗೆ ನುಂಗುವುದಿಲ್ಲ ಎಂದು ಹಟ ಹಿಡಿದಳು. ನಾನು ವಾದಕ್ಕಿಳಿದೆ, ಸೋತೆ, ಆಮೇಲೆ ಡಾಕ್ಟರ ಮಾತು ನೆನಪಾಗಿ, ಇದನ್ನೂ ಅವರಿಗೆ ನೀನೇ ಹೇಳು ಎಂದು ಫೋನು ಕೊಟ್ಟೆ. ಅವರು ಪ್ರಮಾಣ ಬದಲಿಸಿದರು. ಎರಡನೇ ವಾರದ ಒಂದು ಮಧ್ಯಾಹ್ನ ಉಂಡು ಒರಗಿದವಳು ಸಂಜೆ ದೀಪ ಹಚ್ಚುವ ತನಕ ಏಳಲಿಲ್ಲ. ನಾನು ಅಂಗಡಿಯಿಂದ ಮೂರು ಸಲ ಮನೆಗೆ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿಬಂದೆ. ಮೂರನೇ ಸಲ ಕಣ್ಣು ಮುಚ್ಚಿಕೊಂಡೇ, ಬದುಕೇನಿ ಹೋಗು ಎಂದಳು.

ಓಟ ನಿಂತ ಮೇಲೆ ನಾಚಿಕೆ ಬಂತು. ಸವಣೂರಿಗೆ ಮರಳಿದವಳು ಮನೆಯ ಹೊಸ್ತಿಲು ದಾಟಲಿಲ್ಲ. ಓಣಿಯ ತುಂಬ ತನ್ನ ಕೆಂಪು ಬಣ್ಣ ಎಂದಳು. ಹೊರಗೆ ನಡಿ ಎಂದು ಕರೆದವರಿಗೆಲ್ಲ ಕಾಲುನೋವು ಎಂದಳು. ಅವ್ವ ಹೆದರಿ ಮತ್ತೆ ಮಳೆಯ ಸುದ್ದಿಯಿಂದ ಶುರುವಾಗುವ ಫೋನು ಮಾಡತೊಡಗಿದಳು. ಆಗಲೂ ಡಾಕ್ಟರನ್ನು ಕಂಡು ಬಂದೆವು; ಈ ಸಲ ಷರತ್ತುಗಳಿರಲಿಲ್ಲ. ಒಂದು ದಿನ ಪೇಂಟರರು ಒಂದು ನೋಟ್‌ಬುಕ್ಕು ತಂದು ಚಿಗವ್ವನ ಮುಂದಿಟ್ಟರು. ಆ ವಾರ ಬರೆಯಬೇಕಾದ ಬೋರ್ಡುಗಳ ಒಕ್ಕಣೆ. ಬಣ್ಣ ಹಚ್ಚುವ ಮೊದಲೇ ನೋಡಿ ಕೊಡಬೇಕು ಎಂದು ಕೇಳಿಕೊಂಡರು. ಮೊದಲ ವಾರ ಚಿಗವ್ವ ಅದನ್ನು ಮುಟ್ಟಲಿಲ್ಲ. ಎರಡನೇ ವಾರ ಪೆನ್ಸಿಲಿನಲ್ಲಿ ಎರಡು ಕಡೆ ಗುರುತು ಹಾಕಿದಳು. ಆಮೇಲಾಮೇಲೆ ಪೂರಾ ಹಾಳೆ. ನಡುವೆ ಒಮ್ಮೆ, ಈಗ ಎಲ್ಲ ಸರಿಯಾಯಿತಲ್ಲ ಎಂದು ಗುಳಿಗೆ ಬಿಟ್ಟು, ನಿದ್ದೆ ತಪ್ಪಿ, ಮೂರನೇ ದಿನಕ್ಕೆ ತಾನೇ ಫೋನು ಮಾಡಿ ನನಗೆ ಹೇಳಿದಳು. ಆ ಫೋನು ಬಂದ ದಿನ ನಾನು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದೆ. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ.

ತನಗೆ ಕಾಯಿಲೆ ಇತ್ತು ಎಂದು ಚಿಗವ್ವ ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ನಾನೂ ಕೇಳಿಲ್ಲ.

ಕಳೆದ ತಿಂಗಳು ಅಕ್ಕಿಆಲೂರಿನಿಂದ ಆಕೆಯ ಹಳೆಯ ಸಹೋದ್ಯೋಗಿ ಒಬ್ಬರು ಫೋನು ಮಾಡಿದ್ದರು. ಅವರ ಗಂಡ ನಿವೃತ್ತರಾದ ಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಾರೆ. ಮಾತಿಲ್ಲ, ಊಟ ಕಿಟಕಿಯಿಂದ. ಡಾಕ್ಟರ ಹೆಸರೆತ್ತಿದರೆ ತಾಟು ಹೊರಗೆ ಬೀಳುತ್ತದೆ. ಏನು ಹೇಳಿ ಒಪ್ಪಿಸಬೇಕು ಎಂದು ಆ ಹೆಣ್ಣುಮಗಳು ಅಳುತ್ತಿದ್ದರಂತೆ. ಚಿಗವ್ವ ಮರುದಿನವೇ ಬಸ್ಸು ಹತ್ತಿ ನನ್ನ ಹತ್ತಿರ ಬಂದಳು. ಇಬ್ಬರೂ ಕೂಡಿ ಅಕ್ಕಿಆಲೂರಿಗೆ ಹೋದೆವು. ದಾರಿಯುದ್ದಕ್ಕೂ ನಾನು ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಚಿಗವ್ವ ಏನನ್ನೂ ಜೋಡಿಸಿಕೊಂಡಂತೆ ಕಾಣಲಿಲ್ಲ. ಆ ಮನೆಯಲ್ಲಿ ಒಂದು ಚಾಪೆ ಇಸಿದುಕೊಂಡು, ಮುಚ್ಚಿದ ಬಾಗಿಲಿನ ಹೊರಗೆ ಹಾಸಿ, ಚೀಲದಿಂದ ಅವರೆಕಾಯಿ ತೆಗೆದು ಸುಲಿಯುತ್ತ ಕುಂತಳು. ಅರ್ಧ ತಾಸಾದ ಮೇಲೆ ಒಳಗಿನಿಂದ ಯಾರದು ಎಂಬ ದನಿ ಬಂತು.

"ನಾ ಯಾರೂ ಅಲ್ರಿ," ಎಂದಳು ಚಿಗವ್ವ. "ಕುಂತೇನಿ. ನೀವು ಮಾತಾಡಬೇಕಂತೇನಿಲ್ಲ."

ನಾವು ಸಂಜೆಯ ಬಸ್ಸಿಗೆ ಮರಳಿದೆವು. ಅಂದಿನಿಂದ ಚಿಗವ್ವ ವಾರವಾರ ಒಬ್ಬಳೇ ಹೋಗಿ ಆ ಬಾಗಿಲಿನ ಮುಂದೆ ಕುಂತು ಬರುತ್ತಾಳೆ. ಬಾಗಿಲು ಇನ್ನೂ ತೆರೆದಿಲ್ಲ. ಆದರೆ ಹೋದ ಸೋಮವಾರ, ಈ ಸಲ ಏನು ಸುಲಿಯಾಕತ್ತೀರಿ ಎಂದು ಒಳಗಿನಿಂದ ಕೇಳಿದರಂತೆ.